ವಿಗನ್ನಿನ ಕುರ್ಚಿ, ತಿರುಮಣಿಯ ಜಗಲಿ

ಪಾವಗಡ ತಾಲ್ಲೂಕಿನ ತಿರುಮಣಿ ನನ್ನ ತೌರೂರು. ಈಗ ಆ ಹೆಸರು ಹೇಳಿದರೆ ಸಾಕು, "ಓ, ಸೋಲಾರ್ ಪಾರ್ಕ್ ಇರೋ ಊರಾ?" ಅಂತಾರೆ. ನಾನು ಬೆಳೆಯುವಾಗ ಅದು ಬರೀ ಕಡಲೆಕಾಯಿ ಊರು. ಮಳೆ ಬಂದ ವರ್ಷ ಕಾಯಿ, ಬಾರದ ವರ್ಷ ಸಾಲ. ಹೆಂಗಸರ ಕೆಲಸವೆಲ್ಲ ನೆಲದ ಮೇಲೆ. ಕುಕ್ಕರಗಾಲಲ್ಲಿ ಕೂತು ಕಾಯಿ ಬಿಡಿಸಬೇಕು, ಮಣೆ ಮೇಲೆ ಕೂತು ಮುದ್ದೆ ಕಟ್ಟಬೇಕು, ಬಗ್ಗಿ ಸಾರಿಸಬೇಕು. ಮನೆಯಲ್ಲಿದ್ದದ್ದು ಒಂದೇ ಕುರ್ಚಿ. ಅದು ಬಂದ ಗಂಡಸರಿಗೆ.

ಮದುವೆಯಾಗಿ ನಾನು ಬಂದು ಸೇರಿದ್ದು ಇಂಗ್ಲೆಂಡಿನ ವಿಗನ್ ಪಟ್ಟಣಕ್ಕೆ. ಮ್ಯಾಂಚೆಸ್ಟರ್ ಹತ್ತಿರದ ಊರು. ಹಿಂದೆ ಕಲ್ಲಿದ್ದಲು ಗಣಿ, ಹತ್ತಿ ಗಿರಣಿಗಳಿಗೆ ಹೆಸರಾಗಿತ್ತು. ಅಲ್ಲಿ ಐವತ್ತು ದಾಟಿದ ಮೇಲೆ ನನಗೆ ಬಲತೊಡೆಯ ಸಂದಿನಲ್ಲಿ ನೋವು ಶುರುವಾಯಿತು. ಮೆಟ್ಟಿಲು ಹತ್ತಲಾರೆ, ಕಾಲುಚೀಲ ಹಾಕಲಾರೆ, ರಾತ್ರಿ ಮಗ್ಗುಲು ಬದಲಿಸಲಾರೆ. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, "ಹೆಂಗಸು ಅಂದ್ಮೇಲೆ ಸೊಂಟ ನೋಯದೆ ಇರ್ತದೇನೇ?" ಅಂದಳು. ನಾನೂ ಹಾಗೇ ಅಂದುಕೊಂಡು ಎರಡು ವರ್ಷ ಹಲ್ಲು ಕಚ್ಚಿದೆ. ಕೊನೆಗೆ ಎಕ್ಸ್‌ರೇ ನೋಡಿದ ಡಾಕ್ಟರು, ಕೀಲಿನ ನಡುವಿನ ಮೆತ್ತೆ ಸವೆದು ಮೂಳೆಗೆ ಮೂಳೆ ಉಜ್ಜುತ್ತಿದೆ, ಕೀಲನ್ನೇ ಬದಲಾಯಿಸಬೇಕು ಅಂದರು. ಅಲ್ಲಿನ ನಿವಾಸಿಗಳಿಗೆ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಆದರೆ ಸರದಿ ಕಾಯಬೇಕು. ಕಾದೆ.

ಕಾಯುವಾಗ ಪಕ್ಕದ ಮನೆಯ ಅಜ್ಜಿ ಒಂದು ಸಂಗತಿ ಹೇಳಿ ಧೈರ್ಯ ತುಂಬಿದರು. ಈ ಶಸ್ತ್ರಚಿಕಿತ್ಸೆ ಈಗಿನ ರೂಪಕ್ಕೆ ಬಂದದ್ದೇ ವಿಗನ್ ಪಕ್ಕದ ರೈಟಿಂಗ್ಟನ್ ಆಸ್ಪತ್ರೆಯಲ್ಲಂತೆ! ಒಂದು ಕಾಲಕ್ಕೆ ಅದು ಕ್ಷಯರೋಗಿಗಳ ಆಸ್ಪತ್ರೆ. ಜಾನ್ ಚಾರ್ನ್ಲಿ ಎಂಬ ಸರ್ಜನ್ನರು ಮೊದಲು ಟೆಫ್ಲಾನಿನ ಬಟ್ಟಲಿಟ್ಟು ಕೀಲು ಮಾಡಿದರು. ಹೌದು, ನಮ್ಮ ದೋಸೆ ತವಾದ ಟೆಫ್ಲಾನೇ. ಕೆಲವೇ ವರ್ಷಗಳಲ್ಲಿ ಅದು ಸವೆದು ಹೋಯಿತು. ಆ ರೋಗಿಗಳಿಗೆಲ್ಲ ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಆಮೇಲೆ ಸಿಕ್ಕಿದ್ದು ಒಂದು ಬಗೆಯ ಗಟ್ಟಿ ಪಾಲಿಥೀನ್. ಅದೂ ಗಿರಣಿಯ ಮಗ್ಗಗಳ ಹಲ್ಲುಚಕ್ರಕ್ಕೆಂದು ಮಾರಲು ಬಂದ ಮಾಲು. ಚಾರ್ನ್ಲಿ ಬೇಡವೆಂದರೂ ಅವರ ಕಾರ್ಯಾಗಾರದ ಹ್ಯಾರಿ ಕ್ರೇವನ್ ಬಿಡದೆ ಅದನ್ನು ಯಂತ್ರಕ್ಕೆ ಹಾಕಿ ಉಜ್ಜಿಸಿ ನೋಡಿದರು. ಸವೆಯಲೇ ಇಲ್ಲ! 1962ರ ನವೆಂಬರ್‌ನಲ್ಲಿ ಅದರ ಬಟ್ಟಲಿಟ್ಟು ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ಸರಿಯಾಗಿ ಅರವತ್ತು ವರ್ಷಕ್ಕೆ, 2022ರ ನವೆಂಬರ್‌ನಲ್ಲಿ, ನನ್ನ ಸರದಿ ಬಂತು.

ಮಾರನೇ ದಿನವೇ ಎಬ್ಬಿಸಿ ನಿಲ್ಲಿಸಿದರು! ಬಾಣಂತಿಯ ಹಾಗೆ ಮಲಗಿರಬಹುದು ಅಂತ ಎಣಿಸಿದ್ದ ನನಗೆ ಕಣ್ಣೀರೇ ಬಂತು. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಅಂತೆ. ಅದಕ್ಕೇ ಹೊಟ್ಟೆಗೆ ದಿನಾ ಒಂದು ಸಣ್ಣ ಸೂಜಿಮದ್ದು ಬೇರೆ. ವ್ಯಾಯಾಮ ಕಲಿಸುವ ಹುಡುಗಿ ಮೆಟ್ಟಿಲ ಮುಂದೆ ನಿಲ್ಲಿಸಿ ಒಂದು ಮಂತ್ರ ಹೇಳಿಕೊಟ್ಟಳು: "ಒಳ್ಳೇ ಕಾಲು ಸ್ವರ್ಗಕ್ಕೆ, ಕೆಟ್ಟ ಕಾಲು ನರಕಕ್ಕೆ." ಅಂದರೆ ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು. ನಗುತ್ತಲೇ ಹತ್ತಿದೆ.

ಮನೆಗೆ ಬಂದಾಗ ಮಂಚ, ಕುರ್ಚಿಗಳ ಕಾಲಿಗೆ ಅಡಿಗಟ್ಟೆ ಕೊಟ್ಟು ಎತ್ತರಿಸಿದ್ದರು. ಶೌಚದ ಕಮೋಡಿನ ಮೇಲೂ ಎತ್ತರದ ಇನ್ನೊಂದು ಸೀಟು. ಹನ್ನೆರಡು ವಾರ ಮಂಡಿ ಸೊಂಟಕ್ಕಿಂತ ಮೇಲೇಳಬಾರದು, ಕಾಲಮೇಲೆ ಕಾಲು ಹಾಕಬಾರದು, ಬಗ್ಗಿ ಏನನ್ನೂ ಎತ್ತಬಾರದು. ಬಿದ್ದ ಚಮಚ ಎತ್ತಲು ಉದ್ದ ಕೈಯ ಚಿಮಟ. ನಮ್ಮವರು ಅನ್ನ-ಸಾರು ಮಾಡಲು ಕಲಿತರು. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು, ಅದು ಬೇರೆ ಮಾತು. ಚಳಿ ಇಳಿದಂತೆ ಎರಡು ಊರುಗೋಲು ಹೋಗಿ ಒಂದು ಕೋಲಾಯಿತು. ಕಾಲುವೆಯ ದಂಡೆ ಹಿಡಿದು ದಿನಕ್ಕಿಷ್ಟು ನಡೆದೆ. ಮೊದಲ ವಾರ ಒಂದು ಬೆಂಚಿನ ತನಕ, ಮುಂದಿನ ವಾರ ಸೇತುವೆಯ ತನಕ.

ಕಾಲೇನೋ ಗಟ್ಟಿಯಾಯಿತು, ಮನಸ್ಸು ಆಗಲಿಲ್ಲ. "ನೆಲದ ಮೇಲೆ ಕೂರುವುದು, ಕುಕ್ಕರಗಾಲು, ಇವೆರಡೂ ಇನ್ನು ಬೇಡ" ಅಂತ ನನ್ನ ಸರ್ಜನ್ನರು ಹೇಳಿಬಿಟ್ಟಿದ್ದರು. ಹಾಗಾದರೆ ತಿರುಮಣಿಗೆ ಹೋಗಿ ನಾನು ಮಾಡುವುದೇನು? ಎಂಬತ್ತು ದಾಟಿದ ಅಮ್ಮ ನೆಲದ ಮೇಲೆ ಕೂತಿರುವಾಗ ಮಗಳು ಕುರ್ಚಿಯ ಮೇಲೆ ಕೂರುವುದೇ? ನೋಡಿದವರು ಫಾರಿನ್ ಸೊಕ್ಕು ಅನ್ನರೇ? ಟಿಕೆಟ್ಟನ್ನು ಎರಡು ಸಲ ಮುಂದೂಡಿದೆ. ಅತ್ತಿಗೆ ಫೋನಿನಲ್ಲಿ, "ನೀನು ಬಾಮ್ಮ, ನೋಡ್ಕೊಳ್ಳೋಣ" ಅಂದರು.

2023ರ ಜುಲೈನಲ್ಲಿ ಹೊರಟೆ. ವಿಮಾನ ನಿಲ್ದಾಣದ ಯಂತ್ರ ನನ್ನ ಕೀಲಿನ ಲೋಹ ಕಂಡು ಕಿರುಚಿತು. ಡಾಕ್ಟರ ಚೀಟಿ ತೋರಿಸಿ ದಾಟಿದೆ. ಕಾರಿನಲ್ಲಿ ದಿಂಬಿನ ಮೇಲೆ ಕೂತು, ಗಂಟೆಗೊಮ್ಮೆ ಇಳಿದು ನಡೆದು, ಮಧುಗಿರಿಯ ಏಕಶಿಲಾ ಬೆಟ್ಟ ಕಂಡಾಗ ಅರ್ಧ ಊರು ಸೇರಿದಂತಾಯಿತು. ತಿರುಮಣಿ ಹತ್ತಿರವಾದಂತೆ ಕಡಲೆಕಾಯಿ ಹೊಲವಿದ್ದ ಕಡೆ ಸೋಲಾರ್ ಹಲಗೆಗಳ ಸಾಲೋ ಸಾಲು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ಪಾರ್ಕು ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹಬ್ಬಿದೆ, 2,050 ಮೆಗಾವಾಟಿನದು. ಜಮೀನು ರೈತರದೇ, ಗುತ್ತಿಗೆ 28 ವರ್ಷಕ್ಕೆ. ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೊತ್ತುಮಾಡಿದ್ದರು. ಅಣ್ಣನ ಹೊಲವೂ ಅದರಲ್ಲಿದೆ. ಜಮೀನಿದ್ದವರಿಗೆ ಗುತ್ತಿಗೆ ಹಣ ಬಂತು. ಇಲ್ಲದ ಹೆಂಗಸರಿಗೆ ಕಳೆ ಕೀಳುವ, ಕಾಯಿ ಬಿಡಿಸುವ ಕೂಲಿ ಹೋಯಿತು ಅಂತ ಅತ್ತಿಗೆ ಹೇಳಿದರು.

ಮನೆ ಮುಂದೆ ಕಾರು ನಿಂತಾಗ ಅಮ್ಮ ಜಗಲಿ ಮೇಲೆ ಕೂತಿದ್ದಳು. ಬೆನ್ನು ಪೂರಾ ಬಾಗಿಹೋಗಿದೆ. ನಮ್ಮ ಪಾವಗಡ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುತ್ತದೆ. ಅದು ತೀರಾ ಹೆಚ್ಚಿದ್ದರೆ ಮೂಳೆ-ಕೀಲುಗಳೂ ಬಿಗಿಯುತ್ತವೆ. ಅಮ್ಮನ ನೋವನ್ನು ನಾವೆಲ್ಲ "ವಯಸ್ಸು" ಅಂತ ತಳ್ಳಿಹಾಕಿದ್ದೆವು.

ನಾನು ಹೆದರುತ್ತಲೇ ಅಂದೆ: "ಅಮ್ಮ, ನಾನಿನ್ನು ನೆಲದ ಮೇಲೆ ಕೂರೋ ಹಾಗಿಲ್ಲ."

ಅಮ್ಮ ಪಕ್ಕದ ಜಾಗ ಸವರಿ, "ಇಲ್ಲೇ ಕೂರು. ನೆಲದಿಂದ ಏಳೋಕೆ ನಂಗೂ ಎಷ್ಟೋ ವರ್ಷದಿಂದ ಆಗ್ತಿರ್ಲಿಲ್ಲ ಕಣೇ. ಹೇಳೋಕೆ ನಾಚಿಕೆ, ಅದಕ್ಕೇ ಇಲ್ಲೇ ಕೂತ್ಕೊಂಡಿರ್ತೀನಿ" ಅಂದಳು.

ಕೂತೆ. ನನ್ನ ವಿಗನ್ನಿನ ಕುರ್ಚಿಯಷ್ಟೇ ಎತ್ತರ! ನಮ್ಮ ಹಿರಿಯರು ಕಟ್ಟಿದ ಜಗಲಿ ಅದು. ಅಲ್ಲೇ ಇಬ್ಬರಿಗೂ ಊಟ ಬಂತು. ಅತ್ತಿಗೆ ಮುಂಚಿತವಾಗಿ ನನಗಾಗಿ ಹಾಕಿಸಿದ್ದ ಎತ್ತರದ ಕಮೋಡು, ಗೋಡೆಯ ಹಿಡಿಕೆ ಅಮ್ಮನಿಗೇ ಹೆಚ್ಚು ಉಪಯೋಗಕ್ಕೆ ಬಂದವು. ನಾನು ಹೊರಡುವ ಮುಂಚೆ ಅಮ್ಮನನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಆ ವಯಸ್ಸಿಗೆ ದೊಡ್ಡ ಚಿಕಿತ್ಸೆ ಬೇಡವೆಂದರು. ನೋವಿಗೆ ಔಷಧಿ, ಕೈಗೊಂದು ಕೋಲು ಕೊಟ್ಟರು. ಹತ್ತು ವರ್ಷ ಮೊದಲೇ ತೋರಿಸಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಸೋದರಿಯರೇ, ನಿಮ್ಮ ಮನೆಯಲ್ಲೂ ಗೋಡೆ ಹಿಡಿದು ಏಳುವ ಅಮ್ಮನೋ ಅತ್ತೆಯೋ ಇದ್ದಾರೆಯೇ? ಅವರಾಗಿ ಹೇಳುವುದಿಲ್ಲ, ನೀವೇ ಕೇಳಿ. ಒಂದು ಎತ್ತರದ ಕುರ್ಚಿ, ಬಚ್ಚಲಲ್ಲಿ ಒಂದು ಹಿಡಿಕೆ, ಡಾಕ್ಟರ ಹತ್ತಿರ ಒಂದು ಸಲ ಹೋಗಿಬರುವುದು, ಇಷ್ಟನ್ನಾದರೂ ಇಂದೇ ಶುರುಮಾಡಿ. ನೋವು ಸಹಿಸುವುದು ಹೆಣ್ಣಿನ ಹಣೆಬರಹವೇನಲ್ಲ.