ಒತ್ತು, ಹಿಡ್ಕೋ, ಬಿಡು

ಆರಿದ್ರಾ ಮಳೆ ಹಿಡಿಯುವಾಗ ದೊಡ್ಡಪ್ಪನ ಅಂಬಾಸಿಡರ್ ಕೊಟ್ಟಿಗೆ ಪಕ್ಕದ ಶೆಡ್ಡು ಸೇರಿತೆಂದರೆ, ಹಸ್ತ ಮಳೆ ಕಳೆಯುವವರೆಗೂ ಅದಕ್ಕೆ ಬಿಡುಗಡೆಯಿಲ್ಲ. ಆಗುಂಬೆ ಸೀಮೆಯ ಮಳೆ. ಹಾಸಿಗೆಯೂ ಹಸಿ, ಬೆಂಕಿಪೊಟ್ಟಣವೂ ಹಸಿ. ದಸರಾ ರಜೆಗೆ ನಾನು ಹೋಗುವ ಹೊತ್ತಿಗೆ ಬ್ಯಾಟರಿ ಚಾರ್ಜಿಗೆ ಹೋಗಿ ಬಂದಿರುತ್ತಿತ್ತು, ಇಂಜಿನ್ನೂ ಚಾಲೂ ಆಗುತ್ತಿತ್ತು. ಗೇರು ಹಾಕಿ ಕ್ಲಚ್ ಬಿಟ್ಟರೆ ಮಾತ್ರ ಕಾರು ಹಟ ಹಿಡಿದ ಎತ್ತಿನಂತೆ ಒಮ್ಮೆ ಜಗ್ಗಿ ಅಲ್ಲೇ ನಿಲ್ಲುತ್ತಿತ್ತು. ಹಿಂದಿನ ಎರಡೂ ಬ್ರೇಕು ಜಾಮ್.

"ಬಾರೋ, ಗೋಣಿಚೀಲ ತಗೊಂಡು ಬಾ" ಎಂದು ಅಣ್ಣಯ್ಯ ಕೂಗಿದಾಗಲೇ ನನಗೆ ರಜೆ ಶುರುವಾಗುತ್ತಿದ್ದದ್ದು. ಅವನು ನನಗಿಂತ ಆರು ವರ್ಷ ದೊಡ್ಡವನು. ತೀರ್ಥಹಳ್ಳಿಯ ಗ್ಯಾರೇಜೊಂದರಲ್ಲಿ ನಿಂತು ನೋಡಿಯೇ ಕೆಲಸ ಕಲಿತಿದ್ದ.

ಶೆಡ್ಡಿನ ನೆಲ ಇಳಿಜಾರು, ಹಾಗಾಗಿ ಹ್ಯಾಂಡ್ ಬ್ರೇಕ್ ಎಳೆದಿಡುವುದು ದೊಡ್ಡಪ್ಪನ ರೂಢಿ. ಲೈನರು ಮೂರು ತಿಂಗಳು ಡ್ರಮ್ಮಿಗೆ ಒತ್ತಿಕೊಂಡೇ ಕುಳಿತಿರುತ್ತಿತ್ತು. ನಡುವೆ ತೇವ ಸೇರಿ, ಬೀಡಿನ ಡ್ರಮ್ಮು ತುಕ್ಕು ಹಿಡಿದು, ಎರಡೂ ಕಚ್ಚಿಕೊಂಡುಬಿಡುತ್ತಿದ್ದವು. ಹ್ಯಾಂಡ್ ಬ್ರೇಕ್ ಇಳಿಸಿದರೂ ಪ್ರಯೋಜನವಿಲ್ಲ, ಕೇಬಲ್ಲೇ ತನ್ನ ಕವಚದೊಳಗೆ ಬಿಗಿದು ಕೂತಿರುತ್ತಿತ್ತು.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದೆ ಜಾಕು ಏರಿಸಿ, ಆಕ್ಸಲ್ಲಿನ ಕೆಳಗೆ ಹಲಸಿನ ದಿಮ್ಮಿ ತುರುಕಿದ ಮೇಲೆಯೇ ಚಕ್ರ ಕಳಚುವುದು. ಡ್ರಮ್ಮು ಹಿಡಿದಿದ್ದ ಎರಡು ಸ್ಕ್ರೂಗಳಿಗೆ ಸೀಮೆಎಣ್ಣೆ ಬಿಟ್ಟು ಕಾಫಿಗೆ ಹೋಗುತ್ತಿದ್ದೆವು. ವಾಪಸು ಬಂದು ಸ್ಕ್ರೂಡ್ರೈವರ್ ಇಟ್ಟು, ಅದರ ತಲೆಗೆ ಎರಡೇಟು ಕೊಟ್ಟು, ಆಮೇಲೆ ತಿರುಗಿಸಬೇಕು. ಏಟು ಕೊಡದೆ ತಿರುಗಿಸಿದರೆ ಸ್ಕ್ರೂವಿನ ಗೀರು ಸವೆದುಹೋಗಿ ಇಡೀ ದಿನದ ಕೆಲಸ ಕೆಡುತ್ತದೆ.

ಸ್ಕ್ರೂ ಬಂದರೂ ಡ್ರಮ್ಮು ಬರುತ್ತಿರಲಿಲ್ಲ. ಲೈನರು ಉಜ್ಜಿ ಉಜ್ಜಿ ಡ್ರಮ್ಮಿನ ಒಳಮೈ ಸವೆದು, ಲೈನರು ತಾಗದ ಅಂಚಿನಲ್ಲಿ ಸಣ್ಣ ದಂಡೆ ಎದ್ದಿತ್ತು. ಎಳೆದರೆ ಶೂಗಳು ಆ ದಂಡೆಗೇ ಸಿಕ್ಕಿಕೊಳ್ಳುತ್ತವೆ. ಮೊದಲು ಅಡ್ಜಸ್ಟರ್ ಸಡಿಲಿಸಿ ಶೂಗಳನ್ನು ಒಳಕ್ಕೆ ತರಬೇಕು, ಆಮೇಲೆ ಮರದ ತುಂಡು ಅಡ್ಡ ಹಿಡಿದು ಸುತ್ತಲೂ ಸಮವಾಗಿ ತಟ್ಟುತ್ತ ಬರಬೇಕು. ಒಂದು ವರ್ಷ ನಾನು ಆತುರಪಟ್ಟು ಅಂಚಿಗೇ ಸುತ್ತಿಗೆ ಬೀಸಿದೆ. ಬೀಡು ಬಾಗುವುದಿಲ್ಲ, ಒಡೆಯುತ್ತದೆ. ಬೆರಳುಗುರಿನಷ್ಟು ಚಿಪ್ಪು ಹಾರಿ ಬಿತ್ತು. ಅಣ್ಣಯ್ಯ ಅದನ್ನು ಹೆಕ್ಕಿ ನನ್ನ ಅಂಗೈಯಲ್ಲಿಟ್ಟ. ಬೈಯಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ಬೇರೆ ಡ್ರಮ್ಮು ಹೊತ್ತು ತಂದ.

ತಟ್ಟುತ್ತಿದ್ದ ಹಾಗೆ ಒಂದು ಗಳಿಗೆಯಲ್ಲಿ ಸದ್ದು ಬದಲಾಗುತ್ತಿತ್ತು. ಅಲ್ಲಿಯವರೆಗೆ ಮೊಂಡಾಗಿ ಕೇಳುತ್ತಿದ್ದದ್ದು ಥಟ್ಟನೆ ಗಂಟೆಯಂತೆ ನಾದ ಕೊಡುತ್ತಿತ್ತು. "ಬಿಡ್ತು ಮಾರಾಯ!" ಎಂದು ಅಣ್ಣಯ್ಯ ಸುತ್ತಿಗೆ ಕೆಳಗಿಡುತ್ತಿದ್ದ. ಆ ನಾದ ನನಗೆ ಈಗಲೂ ಕಿವಿಯಲ್ಲಿದೆ.

ಒಳಗಿನ ಕಪ್ಪು ಧೂಳನ್ನು ಇಬ್ಬರೂ ಬಾಯಲ್ಲಿ ಉಫ್ ಎಂದು ಊದುತ್ತಿದ್ದೆವು. ಆ ಕಾಲದ ಲೈನರಿನಲ್ಲಿ ಇದ್ದದ್ದು ಕಲ್ನಾರು. ಅದರ ಧೂಳು ಶ್ವಾಸಕೋಶಕ್ಕೆ ಎಂಥ ಕೇಡೆಂದು ನಮಗೆ ಹೇಳಿದವರಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ್ದರೆ ಸಾಕಿತ್ತು. ನೆನೆದರೆ ಈಗಲೂ ಅಣ್ಣಯ್ಯನ ಎದೆಯ ಬಗ್ಗೆ ಹೆದರಿಕೆಯಾಗುತ್ತದೆ.

ವೀಲ್ ಸಿಲಿಂಡರ್ ಬಿಚ್ಚಿದರೆ ಪಿಸ್ಟನ್ನಿಗೂ ತುಕ್ಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮೂರಿನ ಗಾಳಿಯಲ್ಲಿ ಕೇಳಬೇಕೇ. ಹೊಸ ರಬ್ಬರ್ ಕಪ್ ಹಾಕುವಾಗ ಸೀಮೆಎಣ್ಣೆಯ ಕೈ ಅದಕ್ಕೆ ತಾಗಬಾರದು, ರಬ್ಬರ್ ಉಬ್ಬಿಬಿಡುತ್ತದೆ. ಅಂಟುವಾಳ ಹಾಕಿ ಕೈ ತೊಳೆದು ಬಂದು ತೋರಿಸಿದರೆ ಮಾತ್ರ ಅಣ್ಣಯ್ಯ ಮುಟ್ಟಲು ಬಿಡುತ್ತಿದ್ದ.

ಕೊನೆಯದು ಏರ್ ತೆಗೆಯುವುದು. ಅದು ಇಬ್ಬರ ಕೆಲಸ. ನಾನು ಡ್ರೈವರ್ ಸೀಟಿನಲ್ಲಿ, ಅವನು ಕಾರಿನ ಅಡಿಯಲ್ಲಿ ನಿಪ್ಪಲ್ಲಿಗೆ ಪಾನ ಹಾಕಿಕೊಂಡು. ಒಬ್ಬರ ಮುಖ ಒಬ್ಬರಿಗೆ ಕಾಣದು. "ಒತ್ತು... ಒತ್ತು... ಹಿಡ್ಕೋ." ನಿಪ್ಪಲ್ ತೆರೆದೊಡನೆ ಪೆಡಲ್ ಕಾಲಡಿ ಕುಸಿಯುತ್ತಿತ್ತು. ಅವನು ಮುಚ್ಚಿ "ಬಿಡು" ಎನ್ನುವ ಮೊದಲೇ ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ಅವನ ದನಿಯನ್ನು ಅಷ್ಟು ಗಮನವಿಟ್ಟು ನಾನು ಬೇರೆಲ್ಲೂ ಕೇಳಿದ್ದಿಲ್ಲ. ಪೆಡಲ್ ಗಟ್ಟಿಯಾಗುವ ತನಕ ಇಪ್ಪತ್ತು ಸಲವೋ ಮೂವತ್ತು ಸಲವೋ.

ದೀಪಾವಳಿಗೆ ಮುಂಚೆ ಉಡುಪಿಗೆ ಹೋಗಬೇಕು. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯಬೇಕು. ಡ್ರಮ್ಮು ಕಾದು ಹಿಗ್ಗಿದರೆ ಬ್ರೇಕ್ ಕೈಕೊಡುತ್ತದೆಂದು ದೊಡ್ಡಪ್ಪ ಎರಡನೇ ಗೇರಿನಲ್ಲೇ ಇಳಿಸುತ್ತಿದ್ದರು. ಸೋಮೇಶ್ವರದಲ್ಲಿ ಕಾರು ನಿಲ್ಲಿಸಿ, ನಮ್ಮಿಬ್ಬರ ಕಡೆ ತಿರುಗಿ, "ಚೆನ್ನಾಗಿ ಹಿಡೀತದೆ" ಎಂದಷ್ಟೇ ಹೇಳುತ್ತಿದ್ದರು.

ಕಾರು ಮಾರಿ ಬಹಳ ಕಾಲವಾಯಿತು. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರ್ ತಯಾರಿಕೆ ನಿಲ್ಲಿಸಿದ ಸುದ್ದಿ ಬಂದಾಗ ಅಣ್ಣಯ್ಯ ಬೆಂಗಳೂರಿಗೆ ಫೋನು ಮಾಡಿದ. ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಕಳೆದ ಆಷಾಢದಲ್ಲಿ ಊರಿಗೆ ಹೋಗಿದ್ದೆ. ಅಂಗಳದ ಮೂಲೆಯಲ್ಲಿ, ದೊಡ್ಡಮ್ಮ ಹಿಂದೆಂದೋ ಕವುಚಿ ಹಾಕಿ ಮೇಲೆ ಡೇರೆ ಹೂವಿನ ಕುಂಡ ಇಟ್ಟಿದ್ದ ಡ್ರಮ್ಮು ಹಾಗೇ ಇತ್ತು. ಕೂತು ಅಂಚಿನ ಸುತ್ತ ಬೆರಳಾಡಿಸಿದೆ. ಚಿಪ್ಪು ಹಾರಿದ ಜಾಗ ಸಿಕ್ಕಿತು. ಮಳೆ ಜೋರಾಯಿತು.

"ಕಾರಿಗೆ ಹ್ಯಾಂಡ್ ಬ್ರೇಕ್ ಎಳೆದಿದ್ದೀಯೇನೋ?" ಜಗಲಿಯಿಂದ ಅಣ್ಣಯ್ಯ ಕೇಳಿದ.

"ಇಲ್ಲ ಅಣ್ಣಯ್ಯ. ಗೇರಿನಲ್ಲಿ ಬಿಟ್ಟು ಕಲ್ಲು ಕೊಟ್ಟಿದ್ದೇನೆ."