ಹೆಸರಿಲ್ಲದ ಚೀಟಿ

ಹುಕ್ಕೇರಿ ತಾಲೂಕಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಒಂಬತ್ತನೇ ತರಗತಿಯವರಿಗೆ ಚೀಟಿ ಹಂಚಿ, ‘ಯಾವ ಪಾಠ ತಿಳಿದಿಲ್ಲ? ಹೆಸರು ಸಹಿತ ಬರೆಯಿರಿ’ ಎಂದೆ. ಎಲ್ಲರೂ ‘ಎಲ್ಲ ತಿಳಿದಿದೆ’ ಎಂದೇ ಬರೆದರು. ನನಗೋ ಹೆಮ್ಮೆ! ಆದರೆ ಕಿರುಪರೀಕ್ಷೆಯಲ್ಲಿ ಅರ್ಧ ತರಗತಿ ನ್ಯೂಟನ್ನನ ನಿಯಮಗಳಲ್ಲೇ ಮುಗ್ಗರಿಸಿತು.

ತಪ್ಪು ಎಲ್ಲಿತ್ತೆಂದು ಹೊಳೆದದ್ದು 2011ರ ಫೆಬ್ರುವರಿಯಲ್ಲಿ. ಆಗ ನನಗೆ ಮೂಡಲಗಿ ಕಡೆ ವರ್ಗವಾಗಿತ್ತು. ಮೂಡಲಗಿ ಇನ್ನೂ ಗೋಕಾಕ ತಾಲೂಕಿನಲ್ಲಿತ್ತು. ಜನಗಣತಿಯ 29 ಪ್ರಶ್ನೆಗಳ ನಮೂನೆ ಹಿಡಿದು ಮನೆಮನೆ ತಿರುಗುತ್ತಿದ್ದೆ.

ಒಬ್ಬ ರೈತನಿಗೆ ಹೆಂಡತಿಯ ಕೆಲಸವೇನೆಂದು ಕೇಳಿದೆ. ‘ಆಕಿ ಏನ ಮಾಡ್ತಾಳ್ರೀ ಸರ, ಮನ್ಯಾಗ ಇರ್ತಾಳ’ ಎಂದ. ಸ್ವಂತ ಹೊಲದಲ್ಲಿ ಕೂಲಿಯಿಲ್ಲದೆ ದುಡಿದರೂ ಅದು ಕೆಲಸವೇ ಎಂದು ತರಬೇತಿಯಲ್ಲಿ ಹೇಳಿದ್ದರು. ‘ಹೊಲಕ್ಕ ಹೋಗೂದಿಲ್ಲೇನು?’ ಎಂದೆ. ‘ಮತ್ತ ಕಬ್ಬಿನ ಕಳೀ ಯಾರ ತಗೀತಾರ್ರೀ ಸರ?’ ಎಂದು ಒಳಗಿನಿಂದಲೇ ಉತ್ತರ ಬಂತು.

ಇನ್ನೊಂದು ಮನೆಯಲ್ಲಿ ಅಜ್ಜಿ ಬಾಯಿಯೇ ಬಿಡಲಿಲ್ಲ. ‘ಖರೇ ಹೇಳಿದ್ರ ರೇಶನ್ ಕಾರ್ಡ ತಗೀತಾರೇನಪಾ?’ ಎಂಬ ಅಂಜಿಕೆ. 1948ರ ಜನಗಣತಿ ಕಾಯ್ದೆಯಂತೆ ಒಬ್ಬರ ಮಾಹಿತಿಯನ್ನು ಹೊರಗೆ ಬಿಡುವಂತಿಲ್ಲ ಎಂದು ತಿಳಿಸಿ ಹೇಳಿದ ಮೇಲೆಯೇ ಮನೆಯವರ ಲೆಕ್ಕ ಕೊಟ್ಟಳು.

ಅಂಜಿಕೆ ಇದ್ದಲ್ಲಿ ಉತ್ತರ ಸಿಗುತ್ತದೆ, ಸತ್ಯ ಸಿಗುವುದಿಲ್ಲ. ಜನಗಣತಿಗೆ ಹೆಸರು ಬೇಕು. ಇಲ್ಲವಾದರೆ ಒಬ್ಬರನ್ನೇ ಎರಡು ಸಲ ಎಣಿಸಿಬಿಟ್ಟೇವು. ಆದರೆ ತಿಳಿಯದ ಪಾಠ ಯಾವುದೆಂದು ಅರಿಯಲು ಹೆಸರೇಕೆ? ಹೊರಗೆ ನಾನು ಬಂದು ಹೋಗುವವನು. ಶಾಲೆಯಲ್ಲಿ ಅಂಕ ಹಾಕುವವನೂ ನಾನೇ.

ಮತ್ತೆ ಚೀಟಿ ಹಂಚಿದೆ, ಈ ಸಲ ಹೆಸರಿಲ್ಲದೆ. ಒಂದರಲ್ಲಿ ಹೀಗಿತ್ತು: ‘ಸರ, ನೀವು ಸಿಟ್ಟಾಗ್ತೀರಿ. ಅದಕ್ಕ ಯಾರೂ ಕೇಳೂದಿಲ್ಲ.’ ಅಕ್ಷರದ ಗುರುತು ನನಗೆ ಹತ್ತಿತು. ಆ ಹೆಸರನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಮರುದಿನದಿಂದ ದನಿ ತಗ್ಗಿಸಿದೆ. ಕೈ ಎತ್ತುವವರು ನಿಧಾನವಾಗಿ ಹೆಚ್ಚಿದರು.

ವಿದ್ಯಾರ್ಥಿಗಳೇ, ಪ್ರಾಜೆಕ್ಟಿಗೆಂದು ನಾಲ್ಕು ಮನೆ ಸಮೀಕ್ಷೆ ಮಾಡುವಾಗ ಏತಕ್ಕೆ ಕೇಳುತ್ತೀರೆಂದು ಮೊದಲು ಹೇಳಿರಿ. ಬೇಕಾದಷ್ಟನ್ನೇ ಕೇಳಿರಿ, ಕೇಳಿದ್ದನ್ನು ಕಾಪಾಡಿರಿ. ಪಾಲಕರೇ, ‘ಇಂದು ಏನು ತಿಳಿಯಲಿಲ್ಲ?’ ಎಂದು ಮಗುವನ್ನು ಸಿಟ್ಟಿಲ್ಲದೆ ಕೇಳಿ ನೋಡಿರಿ. ಮನೆಯಲ್ಲಿ ಹೆಸರಿಲ್ಲದ ಚೀಟಿ ಬರೆಯಲು ಅದಕ್ಕೆ ಸಾಧ್ಯವಿಲ್ಲ.