ಹದ್ದು ಮೀರಿದ ಬೇಟೆ

ತಲೆಯ ಮೇಲೊಂದು ಸೊಳ್ಳೆ ಹಾದುಹೋಯಿತು. ಮುಗಿಯಿತು ಅದರ ಕಥೆ.

ಗದ್ದೆಯ ಬದುವಿನ ಮೇಲೆ ಹಾರಾಡುತ್ತಿದ್ದ ಏರೋಪ್ಲೇನ್ ಚಿಟ್ಟೆಯ ತಲೆ ಸರಕ್ಕನೆ ಮೇಲಕ್ಕೆ ಹೊರಳುತ್ತದೆ. ತಲೆಯನ್ನೇ ಆವರಿಸಿದ ಕಣ್ಣುಗಳ ತುಂಬ ಸಾವಿರಾರು ಪುಟ್ಟ ಮಸೂರಗಳು. ಮೇಲ್ಭಾಗದವಕ್ಕೆ ಒಂದೇ ಕೆಲಸ: ನೀಲಿ ಆಕಾಶದಲ್ಲಿ ಓಡುವ ಕಪ್ಪು ಚುಕ್ಕೆಯನ್ನು ಹಿಡಿಯುವುದು. ಕಂಡ ಸುದ್ದಿಯನ್ನು ರೆಕ್ಕೆಗೆ ಮುಟ್ಟಿಸಲು ಬರೀ 8 ಜೊತೆ ನರಕೋಶಗಳು! ಸೊಳ್ಳೆಯ ಬೆನ್ನಟ್ಟುವ ಪೆದ್ದುತನ ಇದಕ್ಕಿಲ್ಲ. ಇನ್ನರೆಕ್ಷಣಕ್ಕೆ ಅದು ಎಲ್ಲಿರುತ್ತದೋ ಅಲ್ಲಿಗೇ ಕೆಳಗಿನಿಂದ ನುಗ್ಗುತ್ತದೆ. ನಾಲ್ಕು ರೆಕ್ಕೆಗಳ ಬುಡಕ್ಕೂ ಸ್ನಾಯುಗಳು ನೇರವಾಗಿ ಅಂಟಿರುವುದರಿಂದ ಒಂದೊಂದು ರೆಕ್ಕೆಯನ್ನೂ ಬೇರೆಬೇರೆಯಾಗಿ ತಿರುವಬಲ್ಲದು. ನಡೆಯಲು ಅಷ್ಟಾಗಿ ಬಾರದ ಆರು ಮುಳ್ಳುಗಾಲುಗಳು ಬುಟ್ಟಿಯಾಗಿ ಮಡಚಿಕೊಳ್ಳುತ್ತವೆ. ಸೊಳ್ಳೆ ಒಳಗೆ! ಹಾರುತ್ತಲೇ ಊಟ. ಇದರ ಬಳಗದವನ್ನು ಬಲೆಮನೆಯಲ್ಲಿ ಬಿಟ್ಟು ನೋಡಿದಾಗ 100ರಲ್ಲಿ ಸುಮಾರು 95 ಬೇಟೆ ತಪ್ಪಲಿಲ್ಲ. ಎಷ್ಟೋ ಸಲ ಬರಿಹೊಟ್ಟೆಯಲ್ಲಿ ಮರಳುವ ನಮ್ಮ ಹುಲಿರಾಯನ ಮುಂದೆ ಈ ಲೆಕ್ಕ ಹೇಳಬಾರದು.

ಆದರೆ ನಿಜವಾದ ಸಾಹಸ ಇನ್ನೂ ಶುರುವಾಗಿಲ್ಲ.

ಅಕ್ಟೋಬರ್. ಮಳೆಗುಂಡಿಗಳು ಆರುತ್ತಿವೆ, ಮೊಟ್ಟೆಗೆ ನೀರು ಬೇಕು. ಪಾಂಟಾಲಾ ಫ್ಲೇವೆಸೆನ್ಸ್ ಎಂಬ ಈ ಹಳದಿ ಮೈಯ ಜಾತಿ, ಒಂದು ಗ್ರಾಂ ತೂಕವೂ ಇಲ್ಲದ್ದು, ದಡ ಬಿಟ್ಟು ಸಮುದ್ರದ ಮೇಲೆ ಹೊರಟುಬಿಡುತ್ತದೆ! ಕೆಳಗೆ ಎದುರುಗಾಳಿ. ಹಾಗಾದರೆ ಮೇಲೆ, ಇನ್ನೂ ಮೇಲೆ, ಒಂದು ಕಿಲೋಮೀಟರಿಗೂ ಎತ್ತರಕ್ಕೆ! ಅಲ್ಲಿ ಈಶಾನ್ಯದ ಗಾಳಿ ಸಿಕ್ಕಿತು. ಅಗಲ ಬುಡದ ಹಿಂರೆಕ್ಕೆಗಳನ್ನು ಚಾಚಿ ತೇಲು. ಬಡಿಯಬೇಡ, ಶಕ್ತಿ ಉಳಿಸು. ಹಸಿವೇ? ಅದೇ ಗಾಳಿ ಸಣ್ಣಪುಟ್ಟ ಕೀಟಗಳನ್ನೂ ಹೊತ್ತು ತರುತ್ತದೆ; ಬುಟ್ಟಿ ಸಿದ್ಧವಿದೆ. ಗಾಳಿ ತಪ್ಪಿತೋ, ಕೆಳಗೆ ನೀರು ಬಿಟ್ಟರೆ ಇನ್ನೇನೂ ಇಲ್ಲ.

ಮಾಲ್ಡೀವ್ಸ್! ಲಕ್ಷಗಟ್ಟಲೆ ಏರೋಪ್ಲೇನ್ ಚಿಟ್ಟೆಗಳು ಇಳಿಯುತ್ತವೆ. ಹವಳದ ದ್ವೀಪ, ಸಿಹಿನೀರಿನ ಕೊಳಗಳೇ ಅಪರೂಪ. ಮೊಟ್ಟೆ ಇಡಲು ತಾವಿಲ್ಲದ ಕಡೆ ಪ್ರತಿವರ್ಷ ಇಷ್ಟೊಂದು ಎಲ್ಲಿಂದ ಬರುತ್ತವೆ? ಅಲ್ಲೇ ನೆಲೆಸಿದ್ದ ಸಾಗರಜೀವಿ ತಜ್ಞ ಚಾರ್ಲ್ಸ್ ಆ್ಯಂಡರ್ಸನ್‌ಗೆ ಇದೇ ಗುಂಗು. ವರ್ಷಗಟ್ಟಲೆ ದಿನಾಂಕಗಳನ್ನು ಬರೆದಿಟ್ಟು, 2009ರಲ್ಲಿ ಅವರು ಜಗತ್ತಿಗೆ ಹೇಳಿದರು: ಇವು ಭಾರತದಿಂದ ಬರುತ್ತಿವೆ, ಪೂರ್ವ ಆಫ್ರಿಕಕ್ಕೆ ಹೋಗುತ್ತಿವೆ. ಕಡಲ ಮೇಲಿನ ದಾರಿಯೇ ಸುಮಾರು 3,500 ಕಿಲೋಮೀಟರ್!

ಇಷ್ಟು ಸಾಲದೆಂಬಂತೆ ಆಕಾಶದಲ್ಲಿ ಇನ್ನೊಂದು ನೆರಳು: ಅಮೂರ್ ಫಾಲ್ಕನ್. ಈ ಚಾಣವೂ ಅದೇ ಹೊತ್ತಿಗೆ ಆಫ್ರಿಕಕ್ಕೆ ಹೊರಟಿದೆ, ಏರೋಪ್ಲೇನ್ ಚಿಟ್ಟೆ ಅದಕ್ಕೆ ಬುತ್ತಿ. ಬೇಟೆಗಾರನೇ ಈಗ ಬೇಟೆ! ಹೊರಳು, ಜಾರು, ಥಟ್ಟನೆ ಹಿಂದೆ ಸರಿ! ಎಷ್ಟೋ ಉಳಿಯುವುದಿಲ್ಲ. ಉಳಿದವು ಸೇಶೆಲ್ಸ್ ದಾಟುತ್ತವೆ, ಮಳೆಯ ಮೋಡಗಳ ಜೊತೆಯಲ್ಲೇ ಆಫ್ರಿಕದ ನೆಲ ಮುಟ್ಟಿ, ಕಂಡ ಮೊದಲ ಕೆಸರುಗುಂಡಿಗೆ ಮೊಟ್ಟೆ ಉದುರಿಸುತ್ತವೆ.

ಗುಂಡಿ ಒಣಗುವುದರೊಳಗೆ ಮರಿ ಬೆಳೆಯಬೇಕು. ರೆಕ್ಕೆಯಿಲ್ಲ, ಆದರೆ ಗುದದಿಂದ ನೀರು ಚಿಮ್ಮಿಸಿ ಮುನ್ನುಗ್ಗುತ್ತದೆ. ಗದ್ದದಡಿ ಮಡಚಿಟ್ಟ ಕೆಳದುಟಿ ಕೊಕ್ಕೆಸಮೇತ ಹೊರಚಿಮ್ಮುತ್ತದೆ. ಎದುರಿಗಿದ್ದ ಗೊದಮೊಟ್ಟೆಗೆ ಓಡಲು ವೇಳೆಯೇ ಸಿಗುವುದಿಲ್ಲ.